ಅಕ್ಕನ ಮಗ ಗೋಲ್‌ಕೀಪರ್ ಆಗ್ತೀನಿ ಅಂತಾನೆ, ಇದರಲ್ಲಿ ಹೊಟ್ಟೆ ತುಂಬುತ್ತಾ?

ಹಿಂಡಲಗಾ ಮಾಮಾ:
ಎಲ್ಲರಿಗೂ ನಮಸ್ಕಾರ. ಫುಟ್‌ಬಾಲ್ ಬಲ್ಲವರು ಸ್ವಲ್ಪ ದಾರಿ ಹೇಳಿ. ನನ್ನ ಅಕ್ಕನ ಮಗನಿಗೆ ಈಗ ಹದಿನೈದು. ಎಸ್ಸೆಸ್ಸೆಲ್ಸಿ ಓದ್ತಾ ಇದ್ದಾನೆ. ಶಾಲೆ ತಂಡದ ಗೋಲ್‌ಕೀಪರ್. ಈಗಲೇ ನನಗಿಂತ ಎತ್ತರ ಬೆಳೆದಿದ್ದಾನೆ. ಮೊನ್ನೆ ಅವನ ಆಟ ನೋಡಿದ ಗೋವಾ ಕಡೆಯ ಕೋಚ್ ಒಬ್ಬರು "ಹುಡುಗನ ಕೈ ಚೆನ್ನಾಗಿದೆ, ಟ್ರಯಲ್ಸ್‌ಗೆ ಕಳಿಸಿ" ಅಂದರಂತೆ. ಅವತ್ತಿನಿಂದ ಮನೆಯಲ್ಲಿ ದಿನಾ ಜಗಳ. ಅಕ್ಕನಿಗೆ ಮಗ ಪಿಯುಸಿ ಸೈನ್ಸ್ ಸೇರಬೇಕು. ಭಾವ ಏನೂ ಮಾತಾಡಲ್ಲ, ಪೇಪರ್ ಹಿಡಿದು ಕೂತುಬಿಡ್ತಾರೆ. ಹುಡುಗ ಬಂದು "ಮಾಮಾ, ನೀನಾದ್ರೂ ಅವ್ವಗ ಹೇಳು" ಅಂತಾನೆ. ಏನಂತ ಹೇಳಲಿ? ನನಗೆ ಗೊತ್ತಿರೋದು ಕ್ರಿಕೆಟ್ ಮಾತ್ರ.

ಕೇಳಬೇಕಾಗಿರೋದು ಇಷ್ಟು. ಗೋಲ್‌ಕೀಪರ್ ಆಗಿ ಎಷ್ಟು ವರ್ಷ ಆಡಬಹುದು? ದುಡ್ಡು ಸಿಗುತ್ತಾ? ಆಗಲಿಲ್ಲ ಅಂದರೆ ಮುಂದೇನು? ಪೆಟ್ಟು ಜಾಸ್ತಿ ಬೀಳುತ್ತಾ?

ಶಹಾಪುರ ಪೋರ:
ವಿಕೆಟ್ ಕೀಪರ್ ಮಾಡ್ರಿ ಮಾಮಾ, ಅದೂ ಕೀಪರ್ರೇ. ಮನೇಲಿ ಜಗಳ ಅರ್ಧ ಕಡಿಮೆ ಆಗುತ್ತೆ 😀

ಟಿಳಕವಾಡಿ ಹಳೆ ಕೀಪರ್:
ಪೋರ, ತಮಾಷೆ ಆಮೇಲೆ. ಮಾಮಾ ಅವರೇ, ನಾನು ಲೇಲೆ ಮೈದಾನದಲ್ಲಿ ಆಟ ಕಲಿತು, ಬೆಂಗಳೂರಿಗೆ ಹೋಗಿ ಲೀಗ್‌ನಲ್ಲಿ ಕೀಪರ್ ಆಗಿ ಆಡಿದವನು. ದೊಡ್ಡ ಹೆಸರೇನೂ ಮಾಡಲಿಲ್ಲ. ಆದರೆ ಈ ಕೆಲಸ ಹೇಗಿರುತ್ತೆ ಅಂತ ಗೊತ್ತು.

ಮೊದಲು ತಿಳ್ಕೊಬೇಕಾದದ್ದು: ತಂಡದಲ್ಲಿ ಹನ್ನೊಂದು ಜನ ಇದ್ದರೂ ಕೀಪರ್‌ಗೆ ಇರೋದು ಒಂದೇ ಜಾಗ. ಮುಂದೆ ಆಡೋ ಹುಡುಗನಿಗೆ ಅಲ್ಲಿ ಜಾಗ ಇಲ್ಲ ಅಂದರೆ ವಿಂಗ್‌ನಲ್ಲಿ ಹಾಕ್ತಾರೆ, ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸ್ತಾರೆ. ಕೀಪರ್‌ಗೆ ಅದಿಲ್ಲ. ಮೊದಲನೆಯವನಿಗೆ ಪೆಟ್ಟು ಬೀಳಬೇಕು, ಕೆಂಪು ಕಾರ್ಡ್ ಬೀಳಬೇಕು, ಇಲ್ಲವೇ ಅವನ ಫಾರ್ಮ್ ಪೂರ್ತಿ ಹೋಗಬೇಕು. ಅಲ್ಲಿಯವರೆಗೆ ಎರಡನೆಯವನು ಬೆಂಚ್ ಮೇಲೆ. ಒಂದೊಂದು ಕ್ಲಬ್‌ನಲ್ಲಿ ಮೂರು ನಾಲ್ಕು ಜನ ಕೀಪರ್ ಇರ್ತಾರೆ. ಎಲ್ಲರೂ ದಿನಾ ಅದೇ ಬೆವರು ಸುರಿಸ್ತಾರೆ, ಶನಿವಾರ ಆಡೋನು ಒಬ್ಬ. ವಿಶ್ವಕಪ್ ತಂಡದಲ್ಲಿ ಮೂವರು ಕೀಪರ್ ಇರಲೇಬೇಕು ಅನ್ನೋದು ನಿಯಮ. ಆ ಮೂರನೆಯವನು ಬಹಳ ಸಲ ಒಂದು ನಿಮಿಷವೂ ಆಡದೆ ಮನೆಗೆ ಬರ್ತಾನೆ.

ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್ ಕಥೆ ಹುಡುಗನಿಗೆ ಗೊತ್ತೇ ಇರುತ್ತೆ. 2022ರ ವಿಶ್ವಕಪ್ ಫೈನಲ್‌ನ ಕೊನೆ ಗಳಿಗೆಯಲ್ಲಿ ಕಾಲು ಚಾಚಿ ಫ್ರಾನ್ಸ್‌ನ ಕೋಲೊ ಮುವಾನಿ ಹೊಡೆತ ತಡೆದ ಚಿತ್ರ ಎಲ್ಲ ಹುಡುಗರ ಮೊಬೈಲ್‌ನಲ್ಲೂ ಇದೆ. ಅದಕ್ಕೆ ಮುಂಚಿನದನ್ನು ಯಾರೂ ಹೇಳಲ್ಲ. ಹದಿನೇಳರ ವಯಸ್ಸಿಗೆ ಇಂಗ್ಲೆಂಡ್‌ನ ಆರ್ಸೆನಲ್ ಕ್ಲಬ್ ಸೇರಿದ. ಅಲ್ಲಿಂದ ಆಕ್ಸ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ರಾದರ್‌ಹ್ಯಾಮ್, ವುಲ್ವ್ಸ್, ಗೆಟಾಫೆ, ರೆಡಿಂಗ್ ಅಂತ ಬೇರೆ ಬೇರೆ ಕ್ಲಬ್‌ಗೆ ಸ್ವಲ್ಪ ಕಾಲ ಆಡಲಿ ಅಂತ ಸಾಲಕ್ಕೆ ಕಳಿಸಿದರು. 2020ರ ಜೂನ್‌ನಲ್ಲಿ ಬ್ರೈಟನ್ ಪಂದ್ಯದಲ್ಲಿ ಆರ್ಸೆನಲ್‌ನ ಮೊದಲ ಕೀಪರ್ ಲೆನೊಗೆ ಪೆಟ್ಟು ಬಿದ್ದಾಗ ನಿಜವಾದ ಅವಕಾಶ ಸಿಕ್ತು. ಆಗ ಅವನಿಗೆ ಇಪ್ಪತ್ತೇಳು. ಇನ್ನೊಬ್ಬನ ಮೊಣಕಾಲು ಉಳಿದಿದ್ದರೆ? ಯಾರಿಗೆ ಗೊತ್ತು.

ನಮ್ಮವರಲ್ಲಿ ಗುರುಪ್ರೀತ್ ಸಿಂಗ್ ಸಂಧುವನ್ನೇ ತಗೊಳ್ಳಿ. 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಹೋದ. 2016ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಅರ್ಹತಾ ಸುತ್ತಿನ ಪಂದ್ಯ ಆಡಿದ. ಅಲ್ಲಿ ಆಡಿದ ಮೊದಲ ಭಾರತೀಯ. ಪೇಪರ್‌ನಲ್ಲಿ ದೊಡ್ಡದಾಗಿ ಬಂತು. ಆದರೆ ಆ ಮೂರು ವರ್ಷದಲ್ಲಿ ಲೀಗ್‌ನಲ್ಲಿ ಆಡಿದ ಪಂದ್ಯ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಚಳಿಯಲ್ಲಿ ಪ್ರಾಕ್ಟೀಸು, ಬೆಂಚು. ಆ ಪ್ರಾಕ್ಟೀಸ್ ವ್ಯರ್ಥ ಆಗಲಿಲ್ಲ. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದವನು 2018–19 ಮತ್ತು 2019–20ರಲ್ಲಿ ಸಾಲಾಗಿ ಗೋಲ್ಡನ್ ಗ್ಲೌ, ಅಂದರೆ ಲೀಗ್‌ನ ಅತ್ಯುತ್ತಮ ಕೀಪರ್ ಪ್ರಶಸ್ತಿ ತಗೊಂಡ.

ಹಾಗಾಗಿ ಹುಡುಗನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ. "ಆಡೋಕೆ ಇಷ್ಟ ಅಂತ ಗೊತ್ತು. ಆಡಿಸದೆ ಕೂರಿಸಿದರೂ ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗ್ತೀಯಾ?" ತಕ್ಷಣ ಹೌದು ಅಂದರೆ ನಂಬಬೇಡಿ. ಎರಡು ದಿನ ಬಿಟ್ಟು ಮತ್ತೆ ಕೇಳಿ.

ಬ್ಯಾಂಕ್ ಕಾಕಾ:
ಹಳೆ ಕೀಪರ್ ಹೇಳಿದ್ದು ಸರಿ. ಆದರೆ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ. ನಮ್ಮ ಕಾಲದಲ್ಲಿ ಆಟಗಾರನಿಗೆ ಎಚ್‌ಎಎಲ್, ಐಟಿಐ (ಟೆಲಿಫೋನ್ ಕಾರ್ಖಾನೆ), ಬ್ಯಾಂಕು, ರೈಲ್ವೆ ಅಂತ ನೌಕರಿ ಇರುತ್ತಿತ್ತು. ಸಂಜೆ ಆಟ, ತಿಂಗಳ ಕೊನೆಗೆ ಸಂಬಳ, ಆಮೇಲೆ ಪಿಂಚಣಿ. ಈಗ ಆ ಬಾಗಿಲು ಬಹಳ ಕಿರಿದಾಗಿದೆ. ಈಗಿನದು ಕಾಂಟ್ರ್ಯಾಕ್ಟ್. ಮುಗಿದ ದಿನ ಕೈಯಲ್ಲಿ ಗ್ಲೌಸ್ ಮಾತ್ರ.

ಆ ಕಾಂಟ್ರ್ಯಾಕ್ಟ್ ಕೂಡ ಗಟ್ಟಿ ಅಂತಲ್ಲ. 2025ರ ಜುಲೈನಲ್ಲಿ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ಅನ್ನೇ (ಇಂಡಿಯನ್ ಸೂಪರ್ ಲೀಗ್) ತಡೆಹಿಡಿದರು. ಲೀಗ್ ನಡೆಸುವ ಕಂಪನಿ ಮತ್ತು ದೇಶದ ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದೇನು ಅಂತ ತೀರ್ಮಾನ ಆಗಿರಲಿಲ್ಲ. ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ನಿಲ್ಲಿಸಿದವು. ದೇಶದ ಪರ ಆಡಿದವರ ಗತಿಯೇ ಹಾಗಾದರೆ ಅಕಾಡೆಮಿ ಹುಡುಗನದು ಏನು? ನಿಮ್ಮ ಅಕ್ಕ ಹೆದರುವುದು ತಪ್ಪಲ್ಲ. ಪಿಯುಸಿ ಬಿಡಿಸಬೇಡಿ. ಸೈನ್ಸೇ ಆಗಬೇಕಂತಿಲ್ಲ, ಕಾಮರ್ಸ್ ಮಾಡಲಿ.

ವಾಸ್ಕೋ ಲೈನ್:
ನಮಸ್ಕಾರ. ನಾನು ಬೆಳಗಾವಿಯವ, ರೈಲ್ವೆ ಕೆಲಸಕ್ಕೆ ಗೋವಾದಲ್ಲಿದ್ದೇನೆ. ಕಾಕಾ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಭಾರತದಲ್ಲಿ ಫುಟ್‌ಬಾಲ್‌ನಿಂದ ಬದುಕಬೇಕು ಅಂದರೆ ಕೀಪರ್ ಆಗೋದೇ ಉಳಿದದ್ದಕ್ಕಿಂತ ವಾಸಿ. ಯಾಕೆ ಅಂದರೆ ಐಎಸ್‌ಎಲ್‌ನಲ್ಲಿ ಒಂದು ಹೊತ್ತಿಗೆ ಮೈದಾನದಲ್ಲಿ ನಾಲ್ಕೇ ವಿದೇಶಿಯರು ಇರಬಹುದು. ಆ ನಾಲ್ಕು ಜಾಗವನ್ನು ಕ್ಲಬ್‌ನವರು ಗೋಲು ಹೊಡೆಯೋರಿಗೆ, ನಡುವೆ ಆಡೋರಿಗೆ, ಒಬ್ಬ ಡಿಫೆಂಡರ್‌ಗೆ ಇಟ್ಕೊತಾರೆ. ಕೀಪರ್ ಜಾಗ ನಮ್ಮವರಿಗೇ. ಸ್ಟ್ರೈಕರ್ ಆಗಬೇಕು ಅನ್ನೋ ಹುಡುಗ ಬ್ರೆಜಿಲ್, ಸ್ಪೇನ್‌ನವರ ಜೊತೆ ಪೈಪೋಟಿ ಮಾಡಬೇಕು. ಕೀಪರ್‌ಗೆ ಪಂಜಾಬಿನವ, ಸಿಕ್ಕಿಂನವ, ಹಿಮಾಚಲದವ ಎದುರಾಳಿ. ವಿಶಾಲ್ ಕೈತ್, ಪ್ರಭ್‌ಸುಖನ್ ಗಿಲ್, ಫುರ್ಬಾ ಲಾಚೆನ್‌ಪಾ, ಇತ್ತೀಚೆಗೆ ಗೋಲ್ಡನ್ ಗ್ಲೌ ತಗೊಂಡವರೆಲ್ಲ ಇಲ್ಲಿಯವರೇ.

ಇನ್ನು ಲಕ್ಷ್ಮೀಕಾಂತ್ ಕಟ್ಟೀಮನಿ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಹೆಸರು ಕೇಳಿದರೆ ಗೋಕಾಕ ಕಡೆಯವರು ಯಾರೋ ಅನ್ನಿಸುತ್ತೆ ಅಲ್ವಾ? ಹುಟ್ಟಿದ್ದು, ಬೆಳೆದಿದ್ದು ಗೋವಾದಲ್ಲಿ. ಅಲ್ಲಿನ ಡೆಂಪೊ ಕ್ಲಬ್ ಹುಡುಗ, ಆಮೇಲೆ ಎಫ್‌ಸಿ ಗೋವಾ.

2015ರ ಡಿಸೆಂಬರ್ 20. ಮಡಗಾಂವಿನ ಫಟೋರ್ಡಾ ಸ್ಟೇಡಿಯಂ. ಐಎಸ್‌ಎಲ್ ಫೈನಲ್, ಎದುರಿಗೆ ಚೆನ್ನೈಯಿನ್. 87ನೇ ನಿಮಿಷದಲ್ಲಿ ಜೋಫ್ರೆ ಗೋಲು ಹೊಡೆದು ಗೋವಾ 2–1 ಮುಂದೆ. ಇನ್ನು ಮೂರೇ ನಿಮಿಷ. ಊರೆಲ್ಲ ಎದ್ದು ನಿಂತಿದೆ. 90ನೇ ನಿಮಿಷಕ್ಕೆ ಗೋಲಿನ ಬಾಯಲ್ಲಿ ಗದ್ದಲ, ಚೆಂಡು ಕಟ್ಟೀಮನಿ ಕೈಯಿಂದಲೇ ಒಳಗೆ. ಲೆಕ್ಕದಲ್ಲಿ ಅದು ಅವನ ಸ್ವಂತ ಗೋಲು (ತನ್ನದೇ ತಂಡದ ಗೋಲಿಗೆ ತಾನೇ ಹಾಕಿದ್ದು) ಅಂತಲೇ ಬರೆದಿದೆ. ಇನ್ನೆರಡು ನಿಮಿಷಕ್ಕೆ ಮೆಂಡೋಜಾ ಮೂರನೆಯದು ಹೊಡೆದ. ಗೆದ್ದೇಬಿಟ್ಟೆವು ಅನ್ನೋ ಕಪ್ ಚೆನ್ನೈಗೆ ಹೋಯ್ತು. ಸ್ವಂತ ಊರಿನ ಜನರ ಎದುರಿಗೆ ರೀ.

ಈಗ 2022ರ ಮಾರ್ಚ್ 20. ಅದೇ ಫಟೋರ್ಡಾ, ಮತ್ತೆ ಫೈನಲ್. ಕಟ್ಟೀಮನಿ ಈಗ ಹೈದರಾಬಾದ್ ಎಫ್‌ಸಿಯಲ್ಲಿ. ಎದುರಿಗೆ ಕೇರಳ ಬ್ಲಾಸ್ಟರ್ಸ್. ಗ್ಯಾಲರಿ ತುಂಬ ಹಳದಿ. 1–1, ಪೆನಾಲ್ಟಿ ಶೂಟೌಟ್. ಲೆಸ್ಕೊವಿಚ್ ಒದ್ದದ್ದು ತಡೆದ. ನಿಶು ಕುಮಾರ್ ಒದ್ದದ್ದು ತಡೆದ. ರೆಫ್ರಿ ಸೀಟಿ ಊದಿದರು, ಕೀಪರ್ ಗೆರೆ ಬಿಟ್ಟು ಮುಂಚೆಯೇ ಬಂದಿದ್ದಾನೆ, ಮತ್ತೆ ಒದೆಯಲಿ ಅಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸೀತಿದ್ದರು. ಕಟ್ಟೀಮನಿ ವಾಪಸ್ ಗೆರೆ ಮೇಲೆ ನಿಂತ, ನಿಶು ಮತ್ತೆ ಒದ್ದ, ಮತ್ತೆ ತಡೆದ. ಆಮೇಲೆ ಜೀಕ್ಸನ್ ಸಿಂಗ್‌ದೂ ತಡೆದ. 3–1. ಕಪ್ ಹೈದರಾಬಾದ್‌ಗೆ.

ಆಗ ಅವನಿಗೆ ಮೂವತ್ತೆರಡು. ಆ ವಯಸ್ಸಿಗೆ ವಿಂಗ್‌ನಲ್ಲಿ ಓಡೋರಿಗೆ ಕ್ಲಬ್‌ಗಳು ಕೈ ಮುಗಿದು ಕಳಿಸೋಕೆ ಶುರು ಮಾಡಿರ್ತಾವೆ. ನಮ್ಮ ಗೇಟ್‌ಮನ್ ಕೆಲಸದ ಹಾಗೆ ಇದು. ಸಾವಿರ ರೈಲು ಸರಿಯಾಗಿ ಬಿಟ್ಟದ್ದು ಯಾರಿಗೂ ನೆನಪಿರಲ್ಲ.

ಹಿಂಡಲಗಾ ಮಾಮಾ:
ವಾಸ್ಕೋ ಅಣ್ಣಾ, ಇದನ್ನು ಓದಿ ಹುಡುಗನಿಗೆ ಹೇಳಿದೆ. ಅವನಿಗೆ ಎರಡೂ ಪಂದ್ಯ ಬಾಯಿಪಾಠ! ಒಂದು ಮಾತು ಕೇಳ್ತೀನಿ. ಹೋದ ತಿಂಗಳು ಒಂದು ಪಂದ್ಯದಲ್ಲಿ ಕಾಲ ಸಂದಿಯಿಂದ ಗೋಲು ಹೋಯ್ತು. ಅದಾದ ಮೇಲೆ ಮನೆಗೆ ಬಂದು ಊಟ ಮಾಡದೆ ಮಲಗಿಬಿಟ್ಟ. ಅಕ್ಕ ಅದನ್ನೇ ಹಿಡ್ಕೊಂಡಿದ್ದಾಳೆ, "ಈಗಲೇ ಹಿಂಗ, ಮುಂದ ಹೆಂಗ" ಅಂತ.

ಟಿಳಕವಾಡಿ ಹಳೆ ಕೀಪರ್:
ಊಟ ಬಿಟ್ಟದ್ದು ಒಳ್ಳೇದೇ ಬಿಡಿ, ನಾಚಿಕೆ ಇದೆ ಅಂತಾಯ್ತು. ಆದರೆ ಮುಂದಿನ ಪಂದ್ಯದಲ್ಲಿ ಏನು ಮಾಡಿದ ಅನ್ನೋದು ಮುಖ್ಯ. ಮೊದಲ ಚೆಂಡಿಗೆ ಮುಂದೆ ಬಂದನಾ, ಗೆರೆಗೆ ಅಂಟಿಕೊಂಡು ನಿಂತನಾ? ಗೋಲು ಬಿಟ್ಟ ಕೀಪರ್‌ನ ಹೆದರಿಕೆ ಕಾಲಲ್ಲಿ ಕಾಣುತ್ತೆ. ಕ್ರಾಸ್ (ಪಕ್ಕದಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡು) ಬಂದಾಗ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಕ್ಕೆ ಸರೀತಾನೆ. ಆ ಹಿಂದಿನ ಹೆಜ್ಜೆಯಿಂದಲೇ ಎರಡನೇ ಗೋಲು ಆಗೋದು. ಮುಂದಿನ ಪಂದ್ಯ ನೀವೇ ಹೋಗಿ ಗೋಲ್‌ಪೋಸ್ಟ್ ಹಿಂದೆ ನಿಂತು ನೋಡಿ. ಹತ್ತು ನಿಮಿಷ ಸಾಕು.

ಜನ ಕೀಪರ್ ತಪ್ಪನ್ನು ಮರೆಯಲ್ಲ, ಅದೂ ನಿಜ. ಬ್ರೆಜಿಲ್‌ನ ಕೀಪರ್ ಬಾರ್ಬೋಸಾ 1950ರ ವಿಶ್ವಕಪ್‌ನ ಕೊನೆ ಪಂದ್ಯದಲ್ಲಿ, ಮರಕಾನಾ ಸ್ಟೇಡಿಯಂನಲ್ಲಿ ಉರುಗ್ವೆ ಎದುರು ಎರಡನೇ ಗೋಲು ಬಿಟ್ಟ. 2–1. ಅವನು ಸತ್ತದ್ದು 2000ರಲ್ಲಿ. ಆ ಐವತ್ತು ವರ್ಷವೂ ಅವನ ಬೆನ್ನಿಗೆ ಅದೊಂದೇ ಗೋಲು. ಅವತ್ತು ಮುಂದಿನವರು ಇನ್ನೊಂದು ಗೋಲು ಹೊಡೆದಿದ್ದರೆ ಯಾರಿಗೂ ನೆನಪೇ ಇರ್ತಿರಲಿಲ್ಲ. ಅನ್ಯಾಯ ಅಂತ ನಾನೂ ಅಂತೀನಿ. ಆದರೆ ಈ ಅನ್ಯಾಯ ಕೆಲಸದ ಜೊತೆಗೇ ಬರುತ್ತೆ, ಬೇರೆ ಮಾಡೋಕಾಗಲ್ಲ.

ಮಿಲಿಟರಿ ಅಜ್ಜ, ಕ್ಯಾಂಪ್:
ಈಗಿನ ಹುಡುಗರು ಐಎಸ್‌ಎಲ್ ಬಿಟ್ಟರೆ ಆಟವೇ ಇಲ್ಲ ಅನ್ನೋ ಹಾಗೆ ಮಾತಾಡ್ತೀರಿ. ನಮ್ಮ ರಾಜ್ಯದ ಕೀಪರ್ ಒಲಿಂಪಿಕ್ಸ್ ಆಡಿದ್ದು ಎಷ್ಟು ಜನಕ್ಕೆ ಗೊತ್ತು? 1948, ಲಂಡನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ, ಫ್ರಾನ್ಸ್ ಎದುರು. ಗೋಲಿನಲ್ಲಿ ನಿಂತವರು ಮೈಸೂರು ರಾಜ್ಯದ ಕೆ.ವಿ. ವರದರಾಜ್. ನಮ್ಮವರಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಸಿಕ್ಕರೂ ಎರಡೂ ಹೋದವು. ಕೊನೆ ನಿಮಿಷದಲ್ಲಿ ಗೋಲು ಬಿಟ್ಟು 2–1 ಸೋತರು. ಇವತ್ತಿಗೂ ಜನ ಬರಿಗಾಲು ನೆನೆಸ್ತಾರೆ, ಕೀಪರ್ ಹೆಸರು ಯಾರೂ ಹೇಳಲ್ಲ.

ಸೈನ್ಯದ ದಾರಿ ಮರೀಬೇಡಿ. ಪೀಟರ್ ತಂಗರಾಜ್ ಅಂತ ಕೇಳಿದ್ದೀರಾ? ಊಟಿ ಹತ್ತಿರದ ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್‌ನಲ್ಲಿ ಸಿಪಾಯಿ. ಮೊದಲು ಸೆಂಟರ್ ಫಾರ್ವರ್ಡ್ ಆಡ್ತಿದ್ದ, ಆಮೇಲೆ ಕೀಪರ್ ಆದ. 1956 ಮತ್ತು 1960ರ ಒಲಿಂಪಿಕ್ಸ್ ಎರಡನ್ನೂ ಆಡಿದ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜ್ವರ ಹಿಡಿದು ಮಲಗಿದ್ದ. ಮೊದಲಿನ ಪಂದ್ಯಗಳಲ್ಲಿ ಪ್ರದ್ಯೋತ್ ಬರ್ಮನ್ ಗೋಲು ಕಾದ. ಫೈನಲ್‌ಗೆ ತಂಗರಾಜ್ ವಾಪಸ್ ಬಂದ, ದಕ್ಷಿಣ ಕೊರಿಯಾವನ್ನು 2–1 ಸೋಲಿಸಿ ಚಿನ್ನ ಗೆದ್ದರು. ಬರ್ಮನ್‌ಗೆ ಹೇಗಾಗಿರಬೇಕು ಹೇಳಿ. ತಂಡವನ್ನು ಅಲ್ಲಿವರೆಗೆ ತಂದವನು ಫೈನಲ್ ಹೊರಗಿನಿಂದ ನೋಡಿದ.

ಈಗಲೂ ಸರ್ವಿಸಸ್, ಅಂದರೆ ಸೈನ್ಯದವರ ತಂಡ ಸುಮ್ನೆ ಅಲ್ಲ. 2024ರ ಮಾರ್ಚ್‌ನಲ್ಲಿ ಗೋವಾವನ್ನು 1–0 ಸೋಲಿಸಿ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ತಗೊಂಡರು. ಹಿಂದಿನ ವರ್ಷ ನಮ್ಮ ಕರ್ನಾಟಕ ಗೆದ್ದಿತ್ತು, ರಿಯಾದ್‌ನಲ್ಲಿ ಮೇಘಾಲಯವನ್ನು 3–2 ಸೋಲಿಸಿ, 54 ವರ್ಷ ಆದ ಮೇಲೆ. ಸೈನ್ಯದಲ್ಲಿ ಆಡಿದವನಿಗೆ ಊಟ, ಸಂಬಳ, ಪಿಂಚಣಿ ಎಲ್ಲ ಇದೆ. ಪೆಟ್ಟು ಬಿದ್ದರೆ ಆಸ್ಪತ್ರೆ ಇದೆ. ಬ್ಯಾಂಕ್ ಕಾಕಾನ ಚಿಂತೆಗೆ ಇದು ಉತ್ತರ.

ಬ್ಯಾಂಕ್ ಕಾಕಾ:
ಅಜ್ಜಾ, ಒಪ್ಪಿದೆ. ಆದರೆ ಕ್ರೀಡಾ ಕೋಟಾದಲ್ಲಿ ಕೂಡ ಕೀಪರ್‌ಗೆ ಒಂದೋ ಎರಡೋ ಜಾಗ ಅಷ್ಟೇ. ಹಳೆ ಕೀಪರ್ ಹೇಳಿದ ಸಮಸ್ಯೆಗೇ ಮತ್ತೆ ಬಂದೆವು.

ವಿಜಯಪುರ ಸೈಕಲ್:
ನಮ್ಮೂರಲ್ಲಿ ಹುಡುಗರನ್ನು ಸೈಕಲ್ ಹತ್ತಿಸ್ತಾರೆ, ಫುಟ್‌ಬಾಲ್ ಅಂದರೆ ಟಿವಿಯಲ್ಲಿ ನೋಡೋದು. ಬೆಳಗಾವಿಯವರ ಪುಣ್ಯ. ನಾನು ಬರೀ ಪ್ರೇಕ್ಷಕ, ಆದರೆ ಪೆನಾಲ್ಟಿ ಬಗ್ಗೆ ಓದಿದ್ದು ಒಂದಿದೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಪೆನಾಲ್ಟಿ ಚುಕ್ಕೆ 11 ಮೀಟರ್ ದೂರ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒದ್ದರೆ ಚೆಂಡು ಸುಮಾರು 0.4 ಸೆಕೆಂಡಿಗೆ ಗೆರೆ ಮುಟ್ಟುತ್ತೆ. ನೋಡಿ ಹಾರೋಕೆ ಟೈಮೇ ಇಲ್ಲ. ಇಸ್ರೇಲ್‌ನ ಸಂಶೋಧಕರು 2007ರಲ್ಲಿ 286 ಪೆನಾಲ್ಟಿಗಳನ್ನು ಲೆಕ್ಕ ಹಾಕಿದರು. ಕೀಪರ್‌ಗಳು ನಡುವೆ ನಿಂತದ್ದು ನೂರಕ್ಕೆ ಆರು ಸಲ ಮಾತ್ರ. ಆದರೆ ಚೆಂಡು ನಡುವೆ ಬಂದದ್ದು ನೂರಕ್ಕೆ ಇಪ್ಪತ್ತೆಂಟಕ್ಕಿಂತ ಜಾಸ್ತಿ! ಅಂದಮೇಲೆ ನಿಂತಲ್ಲೇ ನಿಂತರೆ ಒಳ್ಳೇದಲ್ವಾ? ಯಾಕೆ ನಿಲ್ಲಲ್ಲ?

ಟಿಳಕವಾಡಿ ಹಳೆ ಕೀಪರ್:
ಯಾಕೆ ಅಂದರೆ ನಿಂತಲ್ಲೇ ನಿಂತು ಪಕ್ಕದಿಂದ ಗೋಲು ಹೋದರೆ ಕೋಚ್ ಬೈತಾನೆ, ಜನ ಬೈತಾರೆ, "ಮರದ ಕಂಬ" ಅಂತಾರೆ. ಹಾರಿ ಬಿದ್ದು ಗೋಲು ಹೋದರೆ "ಪಾಪ, ಪ್ರಯತ್ನ ಮಾಡಿದ" ಅಂತಾರೆ. ಅಷ್ಟೇ ರೀ ವಿಷಯ. ಆ ಸಂಶೋಧಕರೂ ಹೆಚ್ಚು ಕಡಿಮೆ ಅದನ್ನೇ ಹೇಳಿದ್ದು. ಮತ್ತೆ ಎಲ್ಲ ಕೀಪರ್‌ಗಳೂ ನಿಂತಲ್ಲೇ ನಿಲ್ಲೋಕೆ ಶುರು ಮಾಡಿದರೆ ಒದೆಯೋರು ನಡುವೆ ಒದೆಯೋದು ಬಿಡ್ತಾರೆ.

ಪೀಟಿ ಟೀಚರ್:
ಹೆಣ್ಣುಮಕ್ಕಳನ್ನು ಯಾರೂ ನೆನೆಸಲಿಲ್ಲ, ಅದಕ್ಕೆ ಬರೀತಿದ್ದೇನೆ. ಅದಿತಿ ಚೌಹಾಣ್ 2015ರಲ್ಲಿ ಇಂಗ್ಲೆಂಡ್‌ನ ವೆಸ್ಟ್ ಹ್ಯಾಮ್ ಮಹಿಳಾ ತಂಡಕ್ಕೆ ಆಡಿದವಳು. ಓದೋಕೆ ಅಂತ ಹೋಗಿ ಅಲ್ಲಿ ಗೋಲು ಕಾದಳು. 2025ರ ಜುಲೈನಲ್ಲಿ ನಿವೃತ್ತಿ ಹೇಳಿದಳು. ಅದೇ ತಿಂಗಳು ನಮ್ಮ ಮಹಿಳಾ ತಂಡ ಥಾಯ್ಲೆಂಡ್‌ಅನ್ನು ಅವರ ನೆಲದಲ್ಲೇ 2–1 ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೀತು. ನನ್ನ ಶಾಲೆಯಲ್ಲಿ ಹುಡುಗಿಯರ ತಂಡಕ್ಕೆ ಕೀಪರ್ ಸಿಗೋದೇ ಕಷ್ಟ. ಯಾರೂ ಒಪ್ಪಲ್ಲ, ಕೊನೆಗೆ ಓಡೋಕಾಗದವಳನ್ನು ನಿಲ್ಲಿಸ್ತಾರೆ. ಆದರೆ ತಂಡದಲ್ಲಿ ಎಲ್ಲರಿಗಿಂತ ಚುರುಕು ಇರಬೇಕಾದವಳೇ ಅವಳು.

ಮಾಮಾ ಅವರೇ, ಎತ್ತರ ಒಂದನ್ನೇ ನಂಬಬೇಡಿ. ಎತ್ತರ ಬೇಕು, ನಿಜ. ಗುರುಪ್ರೀತ್ ಆರೂವರೆ ಅಡಿ ಹತ್ತಿರ ಇದ್ದಾನೆ. ಆದರೆ ಇಟಲಿಯ ಡಿನೋ ಜೋಫ್‌ನನ್ನು ಹದಿನಾಲ್ಕನೇ ವಯಸ್ಸಿಗೆ ಗಿಡ್ಡ ಅಂತ ಇಂಟರ್, ಯುವೆಂಟಸ್ ಎರಡೂ ಕ್ಲಬ್ ವಾಪಸ್ ಕಳಿಸಿದ್ದವು. ಅದೇ ಜೋಫ್ 1982ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದ, ಆಗ ಅವನಿಗೆ ನಲವತ್ತು. ಎಷ್ಟು ವರ್ಷ ಆಡಬಹುದು ಅಂತ ಕೇಳಿದಿರಲ್ಲ, ಇಟಲಿಯದೇ ಕೀಪರ್ ಬುಫಾನ್ ನಲವತ್ತೈದಕ್ಕೆ ಬಿಟ್ಟ. ಈಜಿಪ್ಟ್‌ನ ಎಲ್ ಹದರಿ ನಲವತ್ತೈದರಲ್ಲಿ 2018ರ ವಿಶ್ವಕಪ್ ಆಡಿ ಒಂದು ಪೆನಾಲ್ಟಿಯನ್ನೂ ತಡೆದ.

ನಾನು ಮಕ್ಕಳಲ್ಲಿ ನೋಡೋದು ಕಾಲು. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂದ ಮೇಲೆ ತನ್ನ ತಂಡದವನು ಬೇಕಂತಲೇ ಕಾಲಲ್ಲಿ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯೋ ಹಾಗಿಲ್ಲ. ಈಗಂತೂ ಆಟ ಶುರುವಾಗೋದೇ ಕೀಪರ್ ಕಾಲಿಂದ. ಎಡಗಾಲು, ಬಲಗಾಲು ಎರಡರಲ್ಲೂ ಪಾಸ್ ಕೊಡೋಕೆ ಬರಬೇಕು. ಟ್ರಯಲ್ಸ್‌ನಲ್ಲಿ ನಮ್ಮ ಕಡೆ ಹುಡುಗರು ಸೋಲೋದು ಇಲ್ಲೇ. ಹಾರ್ತಾರೆ ಚೆನ್ನಾಗಿ. ಪಾಸ್ ಕೊಡು ಅಂದರೆ ಔಟ್‌ಗೆ ಒದೀತಾರೆ.

ಶಹಾಪುರ ಪೋರ:
ಪೆಟ್ಟಿನ ಬಗ್ಗೆ ಮಾಮಾ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನೂ ಕಾಲೇಜಿನಲ್ಲಿ ಕೀಪರ್. ಬೆರಳು, ಭುಜ, ಸೊಂಟದ ಪಕ್ಕ, ಈ ಮೂರು ಕಡೆ ಜಾಸ್ತಿ. ನಮ್ಮ ಕೆಂಪು ಮಣ್ಣಿನ ಮೈದಾನ ಬೇಸಿಗೆಯಲ್ಲಿ ಕಲ್ಲಿನ ಹಾಗೆ. ಡೈವ್ ಮಾಡಿದ ರಾತ್ರಿ ಆ ಮಗ್ಗುಲಲ್ಲಿ ಮಲಗೋಕಾಗಲ್ಲ. ಮಳೆಗಾಲ ಬಂದರೆ ಸ್ವರ್ಗ, ಕೆಸರಲ್ಲಿ ಎಷ್ಟು ಬೇಕಾದರೂ ಬೀಳಬಹುದು. ಬೀಳೋದನ್ನ ಸರಿಯಾಗಿ ಕಲಿಸೋರು ಬೇಕು. ಮೊಣಕೈ ಊರಿ ಬೀಳಬಾರದು, ಹೊಟ್ಟೆ ಮೇಲೂ ಬೀಳಬಾರದು. ಮೀನಖಂಡ, ತೊಡೆ, ಸೊಂಟದ ಪಕ್ಕ, ಭುಜ, ಹೀಗೆ ಕೆಳಗಿಂದ ಮೇಲಕ್ಕೆ ಒಂದಾದ ಮೇಲೊಂದು ನೆಲ ಮುಟ್ಟಬೇಕು.

ತಲೆ ಪೆಟ್ಟು ಮಾತ್ರ ಹುಡುಗಾಟ ಅಲ್ಲ. 2006ರಲ್ಲಿ ರೆಡಿಂಗ್ ಎದುರಿನ ಪಂದ್ಯದಲ್ಲಿ ಚೆಲ್ಸಿ ಕೀಪರ್ ಪೀಟರ್ ಚೆಕ್ ತಲೆಬುರುಡೆ ಒಡೆದು ಆಪರೇಷನ್ ಆಯ್ತು. ಆಮೇಲೆ ಆಟ ಬಿಡೋವರೆಗೂ ತಲೆಗೆ ಆ ಕಪ್ಪು ಟೊಪ್ಪಿಗೆ ಹಾಕ್ಕೊಂಡೇ ಆಡಿದ.

ಗ್ಲೌಸ್ ಬಗ್ಗೆ: ಪಂದ್ಯಕ್ಕೆ ಒಂದು ಜೊತೆ, ಪ್ರಾಕ್ಟೀಸ್‌ಗೆ ಒಂದು ಜೊತೆ ಬೇರೆ ಇರಲಿ. ಅಂಗೈಯ ಮೆತ್ತನೆ ಲೇಟೆಕ್ಸ್ ನಮ್ಮ ಮಣ್ಣಿಗೆ ತಿಂಗಳೊಳಗೆ ಸಿಪ್ಪೆ ಏಳುತ್ತೆ. ಪ್ರಾಕ್ಟೀಸ್‌ಗೆ ಹಿಡಿತ ಸ್ವಲ್ಪ ಕಡಿಮೆ ಇದ್ದರೂ ಗಟ್ಟಿ ಇರೋದು ತಗೊಳ್ಳಿ. ಆಡೋ ಮುಂಚೆ ಅಂಗೈ ಸ್ವಲ್ಪ ಒದ್ದೆ ಮಾಡಿದರೆ ಚೆಂಡು ಅಂಟುತ್ತೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಕ್ಕನಿಗೆ ಹೇಳಿ, ಬಿಸಿಲಿಗೆ ಹಾಕಿದರೆ ಲೇಟೆಕ್ಸ್ ಬಿರುಕು ಬಿಡುತ್ತೆ.

ಸೀಟಿ ಸಾಹೇಬ:
ನಾನು ಇಲ್ಲಿ ಶಾಲಾ ಪಂದ್ಯಗಳಿಗೆ ರೆಫ್ರಿ. ಟ್ರಯಲ್ಸ್‌ಗೆ ಹೋಗೋ ಹುಡುಗನಿಗೆ ಹೊಸ ನಿಯಮ ಗೊತ್ತಿರಲಿ. 2025ರ ಜುಲೈ 1ರಿಂದ ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡ್ ಮಾತ್ರ ಇಟ್ಕೊಬಹುದು. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸ್ತಾರೆ. ದಾಟಿದರೆ ಎದುರಾಳಿಗೆ ಕಾರ್ನರ್. ಮೊದಲು ಆರು ಸೆಕೆಂಡ್ ಇತ್ತು, ದಾಟಿದರೆ ಎದುರಾಳಿಗೆ ಗೋಲಿನ ಹತ್ತಿರವೇ ಇನ್‌ಡೈರೆಕ್ಟ್ ಫ್ರೀಕಿಕ್ ಕೊಡಬೇಕಿತ್ತು. ಶಿಕ್ಷೆ ದೊಡ್ಡದು ಅಂತ ಯಾರೂ ಕೊಡ್ತಿರಲಿಲ್ಲ. ಈಗ ಕೊಡ್ತಾರೆ. ಪೆನಾಲ್ಟಿ ಒದೆಯುವಾಗ ಕೀಪರ್‌ನ ಒಂದು ಪಾದವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಗೆರೆಯ ಹಿಂದೆ ಇರಬೇಕು. ಕಟ್ಟೀಮನಿಗೆ ಮತ್ತೆ ಒದೆಸಿದ್ದು ಅದಕ್ಕೇ.

ಹಿಂಡಲಗಾ ಮಾಮಾ:
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಅಕ್ಕ, ಭಾವನಿಗೆ ಇದೆಲ್ಲ ಓದಿ ಹೇಳಿದೆ. ಭಾವ ಮೊದಲ ಸಲ ಪೇಪರ್ ಕೆಳಗಿಟ್ಟು "ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಲಿ, ಟ್ರಯಲ್ಸ್ ನೋಡೋಣ" ಅಂದರು. ಅಕ್ಕ ಇನ್ನೂ ಮುಖ ಗಂಟು ಹಾಕ್ಕೊಂಡಿದ್ದಾಳೆ, ಆದರೆ ಬೇಡ ಅಂದಿಲ್ಲ. ಕಾಗದ ಪತ್ರ ಏನೇನು ಬೇಕು? ಬೇರೆ ಕಡೆಯೂ ನೋಡಬೇಕಾ?

ಪೀಟಿ ಟೀಚರ್:
ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಪತ್ರ, ಫೋಟೋ. ಕ್ಲಬ್‌ಗೆ ಸೇರಿದ ಮೇಲೆ ಫೆಡರೇಷನ್‌ನ ಆನ್‌ಲೈನ್ ನೋಂದಣಿ ಅವರೇ ಮಾಡಿಸ್ತಾರೆ. ಹುಟ್ಟಿದ ದಿನ ಎಲ್ಲ ಕಡೆ ಒಂದೇ ಇದೆಯಾ ನೋಡಿಕೊಳ್ಳಿ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸೋ ಚಾಳಿ ಇದೆ, ಆಮೇಲೆ ತೊಂದರೆ. ಯೂತ್ ಲೀಗ್‌ಗಳಲ್ಲಿ ವಯಸ್ಸು ಪತ್ತೆಗೆ ಮಣಿಕಟ್ಟಿನ ಎಕ್ಸ್‌ರೇ ಪರೀಕ್ಷೆಯೂ ಮಾಡ್ತಾರೆ. ಎತ್ತರದ ಹುಡುಗರ ಮೇಲೆ ಅನುಮಾನ ಸ್ವಲ್ಪ ಜಾಸ್ತಿ, ಹೆದರಬೇಡಿ.

ಬೇರೆ ಕಡೆ ಅಂದರೆ, ಬೆಂಗಳೂರು ಎಫ್‌ಸಿ ಬಳ್ಳಾರಿ ಕಡೆಯ ವಿಜಯನಗರದಲ್ಲಿ ಹುಡುಗರನ್ನು ಇಟ್ಟುಕೊಂಡು ಕಲಿಸುವ ಅಕಾಡೆಮಿ ನಡೆಸಿಕೊಂಡು ಬಂದಿದೆ. ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿ 1987ರಿಂದ ಇದೆ. ಟ್ರಯಲ್ಸ್ ಯಾವಾಗ ಅಂತ ಅವರವರ ಅಧಿಕೃತ ಪುಟದಲ್ಲೇ ನೋಡಿ. ಯಾರಾದರೂ ಏಜೆಂಟ್ ಅಂತ ಫೋನ್ ಮಾಡಿ "ಇಷ್ಟು ಕಟ್ಟಿ, ಸೀಟ್ ಪಕ್ಕಾ" ಅಂದರೆ ಫೋನ್ ಇಡಿ.

ವಾಸ್ಕೋ ಲೈನ್:
ಗೋವಾಕ್ಕೆ ಬಂದರೆ ಹೇಳಿ ಮಾಮಾ. ಗೋವಾ ಎಕ್ಸ್‌ಪ್ರೆಸ್ ಲೋಂಡಾ ಮೇಲೆ ನೇರ ಮಡಗಾಂವಿಗೆ ಬರುತ್ತೆ. ಅಕಾಡೆಮಿ ನೋಡೋಕೆ ಹೋದಾಗ ಹುಲ್ಲು, ಜಿಮ್, ಗೋಡೆ ಮೇಲಿನ ಫೋಟೋ ನೋಡಿ ಮರುಳಾಗಬೇಡಿ. ಕೀಪರ್‌ಗೆ ಅಂತಲೇ ಬೇರೆ ಕೋಚ್ ಇದ್ದಾರಾ, ದಿನಾ ಬರ್ತಾರಾ, ವಾರಕ್ಕೊಮ್ಮೆ ಬರ್ತಾರಾ ಕೇಳಿ. ಆ ಕೋಚ್‌ಗೆ ಕೀಪಿಂಗ್ ಲೈಸೆನ್ಸ್ ಇದೆಯಾ ಕೇಳಿ, ಏಷ್ಯನ್ ಫೆಡರೇಷನ್‌ದು ಹಂತ ಹಂತವಾಗಿ ಇದೆ. ಮುಂದೆ ಆಟ ನಿಂತ ಮೇಲೆ ನಿಮ್ಮ ಹುಡುಗನಿಗೂ ಅದೇ ದಾರಿ ಆಗಬಹುದು, ಒಳ್ಳೆ ಕೀಪರ್ ಕೋಚ್‌ಗಳು ನಮ್ಮಲ್ಲಿ ಬಹಳ ಕಡಿಮೆ. ಪಿಯುಸಿ ಕ್ಲಾಸಿಗೆ ಎಲ್ಲಿ ಕಳಿಸ್ತಾರೆ ಅಂತ ಅಕ್ಕನೇ ಕೇಳಲಿ.

ಆಮೇಲೆ ಇದೊಂದು ತಪ್ಪದೆ ಕೇಳಿ: ಇವನ ವಯಸ್ಸಿನ ಕೀಪರ್‌ಗಳು ನಿಮ್ಮಲ್ಲಿ ಈಗಾಗಲೇ ಎಷ್ಟು ಜನ ಇದ್ದಾರೆ? ಇಬ್ಬರು ಅಂದರೆ ಸರಿ. ನಾಲ್ವರು ಅಂದರೆ ಚಹಾ ಕುಡಿದು ಮುಂದಿನ ಅಕಾಡೆಮಿಗೆ ಹೋಗಿ.